ಖಾಕಿ ಕಾಗದದ ಮೈ

ನಿನ್ನೆ ಕೊಲ್ಹಾಪುರದ ದವಾಖಾನೆಯಲ್ಲಿ ಒಬ್ಬ ಎಳೆಯ ಡಾಕ್ಟರು ನನ್ನ ಎತ್ತರ ಅಳೆದ, ತೂಕ ನೋಡಿದ. ಆಮೇಲೆ ಮೇಜಿನ ಗಾಜಿನ ಕೆಳಗಿದ್ದ ಒಂದು ಪಟದ ಮೇಲೆ ಅಡ್ಡಪಟ್ಟಿ ಇಟ್ಟ. ಪಟದಲ್ಲಿ ಮೂರು ಉದ್ದ ಗೆರೆಗಳಿದ್ದವು. ಒಂದು ಬದಿಗೆ ಎತ್ತರ, ಇನ್ನೊಂದು ಬದಿಗೆ ತೂಕ. ಎರಡನ್ನೂ ಪಟ್ಟಿಯಿಂದ ಕೂಡಿಸಿದರೆ, ಮನುಷ್ಯನ ಮೈಮೇಲಿನ ಚರ್ಮವೆಲ್ಲ ಸೇರಿ ಎಷ್ಟು ಅಗಲ ಎಂಬುದು ನಡುವಿನ ಗೆರೆಯಲ್ಲಿ ಸಿಗುತ್ತದೆ. ನನ್ನ ಎದೆಯ ಗಂಟು ತೆಗೆದು ತಿಂಗಳಾಗಿದೆ. ಇನ್ನು ಕೊಡಬೇಕಾದ ಇಂಜೆಕ್ಷನ್ ಎಷ್ಟು ಎಂಬುದು ಆ ಅಂಕಿಯ ಮೇಲೆ ನಿಂತಿದೆಯಂತೆ. ಒಂದು ಪಾಯಿಂಟ್ ಮೂರು ಚದರ ಮೀಟರ್, ಆಜಿ, ಎಂದು ಮರಾಠಿಯಲ್ಲಿ ಹೇಳಿ ಬರೆದುಕೊಂಡ. ಎಲೆ ಅಡಿಕೆ ಹಾಕಿಕೊಳ್ಳುವಷ್ಟೂ ಹೊತ್ತು ಹಿಡಿಯಲಿಲ್ಲ.

ನನಗೆ ನಗು ಬಂತು. ಯಾಕೆ ಎಂದು ಕೇಳಿದ. ಇದೇ ಅಳತೆಗಾಗಿ ಒಂದು ಕಾಲದಲ್ಲಿ ನನ್ನ ಮೈಗೆಲ್ಲ ಖಾಕಿ ಕಾಗದ ಅಂಟಿಸಿ, ಒಣಗಿಸಿ, ಕತ್ತರಿಸಿ, ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗಿದ್ದರು ಎಂದು ಅವನಿಗೆ ಹೇಗೆ ಹೇಳಲಿ? ಹೇಳಲು ಹೊರಟರೆ ಒಂದಿಡೀ ಮಳೆಗಾಲ ಹೇಳಬೇಕಾಗುತ್ತದೆ. ಇಂಜೆಕ್ಷನ್ ಶುರು ಮಾಡೋಣವೇ ಎಂದ. ನಾಳೆ ಹೇಳುತ್ತೇನೆ ಎಂದು ಎದ್ದು ಬಂದೆ. ಮನೆಯಲ್ಲಿ ಯಾರನ್ನಾದರೂ ಕೇಳಬೇಕೇನೋ ಎಂದುಕೊಂಡಿರಬೇಕು ಪಾಪ. ನನ್ನ ಮನೆಯಲ್ಲಿ ಕೇಳುವುದಕ್ಕೆ ಗೋಡೆ ಬಿಟ್ಟರೆ ಯಾರೂ ಇಲ್ಲ.

ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ನಾನು ಗಡಹಿಂಗ್ಲಜದ ಮೆಣಸಿನಕಾಯಿ ಅಡತಿಯವರ ಮಗಳು, ನೀಲವ್ವ. ಮದುವೆಯಾದ ವರ್ಷವೇ ಗಂಡನನ್ನು ಪ್ಲೇಗು ತಿಂದಿತು. ನಮ್ಮ ಲಿಂಗಾಯತರಲ್ಲಿ ವಿಧವೆ ಉಡಿಕೆ ಮಾಡಿಕೊಂಡು ಮರುಮದುವೆಯಾಗುವ ದಾರಿಯೇನೋ ಇತ್ತು, ಆದರೆ ಗಂಡನನ್ನು ನುಂಗಿದವಳು ಎಂಬ ಹೆಸರು ನನಗಿಂತ ಮುಂಚೆಯೇ ಊರೂರು ತಲುಪುತ್ತಿತ್ತು. ಅಪ್ಪ ಕೊನೆಗೆ ಕೊಲ್ಹಾಪುರಕ್ಕೆ ನರ್ಸ್ ಕಲಿಯಲು ಕಳಿಸಿದ. ಕಲಿತು ಮುಗಿಸುವ ಹೊತ್ತಿಗೆ ಪುಣೆಯ ಕಡೆಯ ಒಬ್ಬ ಡಾಕ್ಟರ್‌ಬಾಯಿ, ಕನ್ನಡ ಮರಾಠಿ ಎರಡೂ ಬರುವ ನರ್ಸ್ ಬೇಕು ಎಂದು ಬಂದರು. ಮಳೆಗಾಲ ಮುಗಿಯುವವರೆಗೆ ಇಚಲಕರಂಜಿಯಲ್ಲಿ ಕೆಲಸ. ಕಾಯುವವರು ಇದ್ದವರಿಗೆ ಊರು ಬಿಡುವುದು ಕಷ್ಟ. ನಾನು ಟ್ರಂಕು ಎತ್ತಿಕೊಂಡು ಸರ್ವಿಸ್ ಮೋಟಾರು ಹತ್ತಿದೆ.

ಡಾಕ್ಟರ್‌ಬಾಯಿ ನಲವತ್ತರ ಹೆಂಗಸು. ಕುತ್ತಿಗೆ ಮುಚ್ಚುವ ರವಿಕೆ, ಗಂಡಸರ ಕೈಗಡಿಯಾರ, ಮಾತು ಅಳೆದು ಸುರಿದಂತೆ. ನಗುವುದನ್ನು ನಾನು ನೋಡಿದ್ದು ಎರಡೇ ಸಲ. ಮನುಷ್ಯನ ಮೈ ಸುಮ್ಮನೆ ಮಲಗಿದ್ದಾಗಲೂ ಒಲೆಯ ಹಾಗೆ ಉರಿಯುತ್ತಿರುತ್ತದೆ, ಆ ಶಾಖವೆಲ್ಲ ಹೊರಗೆ ಹೋಗುವುದು ಚರ್ಮದಿಂದ ಎಂದು ಮೊದಲ ದಿನವೇ ಹೇಳಿಕೊಟ್ಟರು. ಮೂಗಿಗೆ ಚಿಮಟಿ ಹಾಕಿ, ಬಾಯಿಗೆ ರಬ್ಬರಿನ ಕೊಳವೆ ಕೊಟ್ಟು, ಉಸಿರಾಟದಿಂದ ಶಾಖವನ್ನು ಲೆಕ್ಕ ಹಾಕುವ ಯಂತ್ರ ಅವರ ಬಳಿ ಇತ್ತು. ಆ ಶಾಖವನ್ನು ಚರ್ಮದ ಅಗಲದಿಂದ ಭಾಗಿಸಿದರೆ ದೊಡ್ಡ ಮೈ ಸಣ್ಣ ಮೈ ಎಂಬ ಭೇದ ಹೋಗಿ, ಯಾರ ಒಲೆ ಸರಿಯಾಗಿದೆ, ಯಾರದು ಮಂದವಾಗಿದೆ ಎಂದು ತಿಳಿಯುತ್ತದೆ. ಮಂದವಾಗಿದ್ದರೆ ಕುತ್ತಿಗೆಯ ಗ್ರಂಥಿ ಸೋಮಾರಿಯಾಗಿದೆ ಎಂದರ್ಥ. ಆದರೆ ಚರ್ಮದ ಅಗಲ ಹೇಳುವ ಸೂತ್ರ ಯಾವುದೋ ದೇಶದ ನಾಲ್ಕಾರು ಜನರ ಮೈ ಅಳೆದು ಮಾಡಿದ್ದು. ನಮ್ಮ ಹೆಂಗಸರಿಗೆ ಅದು ಒಪ್ಪುತ್ತದೆಯೇ ಎಂಬುದು ಡಾಕ್ಟರ್‌ಬಾಯಿಯ ಪ್ರಶ್ನೆ.

ಇಚಲಕರಂಜಿಯನ್ನೇ ಆರಿಸಿಕೊಳ್ಳಲು ಕಾರಣವಿತ್ತು. ಪರೀಕ್ಷೆಗೆ ಬರುವವರು ಹಿಂದಿನ ಸಂಜೆಯಿಂದ ಏನೂ ತಿಂದಿರಬಾರದು. ಬೇರೆ ಕಡೆ ಎಷ್ಟು ಹೇಳಿದರೂ ಒಂದು ಬಟ್ಟಲು ಚಹಾ ಕುಡಿದೇ ಬರುತ್ತಿದ್ದರಂತೆ. ಇಲ್ಲಿಯ ಜೈನರು ಹೊತ್ತು ಮುಳುಗಿದ ಮೇಲೆ ಬಾಯಿಗೆ ನೀರು ಸಹ ಹಾಕುವುದಿಲ್ಲ, ಚಾತುರ್ಮಾಸದಲ್ಲಂತೂ ಕೇಳುವುದೇ ಬೇಡ. ಹೇಳದೆಯೇ ಖಾಲಿ ಹೊಟ್ಟೆಯಲ್ಲಿ ಬರುವ ಜನ ಎಂದು ಡಾಕ್ಟರ್‌ಬಾಯಿಗೆ ಖುಷಿಯೋ ಖುಷಿ. ಆ ಖುಷಿಯೇ ಮುಂದೆ ಕಾಲಿಗೆ ತೊಡರಿತು.

ನನಗೆ ಇರಲು ಕೊಟ್ಟದ್ದು ಆ ಊರಿಗೇ ಸೇರಿದ ಶಹಾಪುರದ ಒಂದು ಜೈನ ಮನೆಯ ಪಡಸಾಲೆ ಪಕ್ಕದ ಕೋಣೆ. ಹಿತ್ತಲಿಗೆ ಹೊಂದಿಕೊಂಡು ಮಗ್ಗದ ಶೆಡ್ಡು. ಹಗಲೆಲ್ಲ ಖಟಖಟ, ನೂಲಿಗೆ ಹಾಕುವ ಗಂಜಿಯ ಹುಳಿ ವಾಸನೆ, ಮೇಲೆ ತಗಡಿನ ಮೇಲೆ ಮಳೆ. ಆ ವರ್ಷ ಪಂಚಗಂಗೆ ಹೊಲಗಳಿಗೆ ನುಗ್ಗಿ, ಶಿರೋಳದ ದಾರಿ ಎಷ್ಟೋ ದಿನ ಮುಚ್ಚಿಹೋಗಿತ್ತು. ಮನೆಯಲ್ಲಿ ಅತ್ತೆ ಚಂದವ್ವ, ಮಗ ಭೂಪಾಲ, ಸೊಸೆ ಅಕ್ಕಾತಾಯಿ. ನನ್ನ ತಾಟು ಅಡಿಗೆಮನೆಯ ಹೊಸ್ತಿಲ ಹೊರಗೆ. ಹೊತ್ತು ಇಳಿಯುವ ಮುಂಚೆ ಉಂಡುಬಿಡಬೇಕು, ತಡವಾದರೆ ಉಪವಾಸ. ಉಂಡ ಮೇಲೆ ಉಳಿಯುವ ಹೊತ್ತು ಬಹಳ ಉದ್ದ. ಮಾತಿಗೆ ಜನವಿಲ್ಲದೆ ನಾನು ಮಳೆಯ ಸದ್ದನ್ನೂ ಮಗ್ಗದ ಸದ್ದನ್ನೂ ಬೇರೆಬೇರೆಯಾಗಿ ಕೇಳಲು ಕಲಿತೆ.

ಉಸಿರಿನ ಪರೀಕ್ಷೆಗೆ ಹೆಂಗಸರು ಬಂದರು, ಆದರೆ ಮೈಗೆ ಕಾಗದ ಅಂಟಿಸಿಕೊಳ್ಳಲು ಒಬ್ಬಳೂ ಒಪ್ಪಲಿಲ್ಲ. ಬರೀ ತೆಳು ಬಟ್ಟೆಯಲ್ಲಿ ಪರರ ಮುಂದೆ ಮಲಗುವುದೆಂದರೆ ಸಣ್ಣ ಮಾತೇ? ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ನಾನು ಸಮಾಧಾನ ಹೇಳಿದೆ. ಡಾಕ್ಟರ್‌ಬಾಯಿ ನನ್ನನ್ನೇ ನೋಡಿದರು. ಹಾಗಾದರೆ ಮೊದಲು ನೀನೇ ನೀರಿಗೆ ಇಳಿ ಎಂದರು. ಅಂಟಿಸಲು ಕೈ ಹಗುರವಿದ್ದವರು ಬೇಕಿತ್ತು. ಗಂಜಿ ಕಾಸಿ, ನೂಲು ಹರಿದರೆ ಗಂಟು ಕಾಣದಂತೆ ಕೂಡಿಸುತ್ತಿದ್ದ ಅಕ್ಕಾತಾಯಿಯನ್ನು ಅತ್ತೆಯ ಅಪ್ಪಣೆ ಪಡೆದು ಕರೆತಂದೆ.

ಮೈಗೆ ಬಿಗಿಯಾಗಿ ಹಿಡಿಯುವ ತೆಳು ಬನಿಯನ್ ಬಟ್ಟೆ ತೊಡಿಸಿ, ಅದರ ಮೇಲೆ ಕಾಗದದ ಪಟ್ಟಿಗಳನ್ನು ಗಂಜಿಯಲ್ಲಿ ಅದ್ದಿ ಅಂಟಿಸುವುದು. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ತೆಗೆದಿಡು ಎಂದರು ಡಾಕ್ಟರ್‌ಬಾಯಿ. ತೆಗೆಯುವುದಿಲ್ಲ ಎಂದೆ. ಅವರು ಹುಬ್ಬು ಗಂಟಿಕ್ಕಿದರು. ಅಕ್ಕಾತಾಯಿ ಕರಡಿಗೆಯ ಸುತ್ತ ಕಾಗದವನ್ನು ದುಂಡಗೆ ಕತ್ತರಿಸಿ ಅಂಟಿಸಿದಳು. ಬಿಟ್ಟ ಜಾಗಕ್ಕೆ ಬೇರೆ ಒಂದು ಬಿಲ್ಲೆ ಕತ್ತರಿಸಿ ಆಮೇಲೆ ತೂಕಕ್ಕೆ ಸೇರಿಸಿದರು.

ಅವಳ ಕೈ ಬೆಚ್ಚಗಿತ್ತು. ಭುಜ, ತೋಳು, ಬೆನ್ನು, ಮೊಣಕಾಲ ಹಿಂದೆ, ಹಿಮ್ಮಡಿ. ಎಲ್ಲೂ ಗಾಳಿ ಉಳಿಯದಂತೆ ಅಂಗೈಯಿಂದ ಸವರುತ್ತ ಹೋದಳು. ವಿಧವೆಯಾದ ಮೇಲೆ ನನ್ನನ್ನು ಯಾರೂ ಮುಟ್ಟಿರಲಿಲ್ಲ. ಅವ್ವ ಸಹ ತಲೆಗೆ ಎಣ್ಣೆ ಹಚ್ಚುವುದನ್ನು ಬಿಟ್ಟಿದ್ದಳು. ದಿನವೂ ರೋಗಿಗಳನ್ನು ಮುಟ್ಟುವವಳು ನಾನು, ನನಗೂ ಬೆನ್ನು ಎಂಬುದೊಂದಿದೆ ಎಂದು ಅವತ್ತೇ ನೆನಪಾಯಿತು. ಕಣ್ಣೀರು ಇಳಿದು ಕಿವಿಗೆ ಹೋಯಿತು. ಗಂಜಿ ಸುಡುತ್ತಿದೆಯೇ ಎಂದು ಅಕ್ಕಾತಾಯಿ ಕೇಳಿದಳು. ಇಲ್ಲ ಎಂದೆ. ಅವಳು ಸೆರಗಿನ ತುದಿಯಿಂದ ನನ್ನ ಕಿವಿ ಒರೆಸಿ ಕೆಲಸ ಮುಂದುವರಿಸಿದಳು. ಒಣಗಿದ ಮೇಲೆ ಕತ್ತರಿಸಿ ಬಿಚ್ಚಿದಾಗ ಚಾಪೆಯ ಮೇಲೆ ನನ್ನದೇ ಒಂದು ಖಾಕಿ ಮೈ ಟೊಳ್ಳಾಗಿ ಬಿದ್ದಿತ್ತು. ಅದನ್ನು ಚೂರು ಮಾಡಿ ಚಪ್ಪಟೆಯಾಗಿಸಿ, ಅದೇ ಕಾಗದದ ಒಂದು ಅಳತೆಯ ತುಂಡಿನ ಪಕ್ಕ ತೂಗಿ ಲೆಕ್ಕ ಹಾಕಿದರು. ಒಂದು ಪಾಯಿಂಟ್ ನಾಲ್ಕು. ಪರದೇಶದ ಸೂತ್ರಕ್ಕೆ ಹತ್ತಿರಹತ್ತಿರ ಬಂತು. ಡಾಕ್ಟರ್‌ಬಾಯಿ ಮೊದಲ ಸಲ ನಕ್ಕದ್ದು ಆಗ.

ಅವತ್ತೇ ಅವರು ಇನ್ನೊಂದು ಮಾತು ಹೇಳಿದರು. ಮೈ ಸಣ್ಣದಾದಷ್ಟೂ ತೂಕಕ್ಕೆ ಹೋಲಿಸಿದರೆ ಚರ್ಮ ಹೆಚ್ಚು. ಅದಕ್ಕೇ ಹುಟ್ಟಿದ ಕೂಸು ಬೇಗ ತಣ್ಣಗಾಗುತ್ತದೆ. ಇಬ್ಬರು ಒತ್ತಿ ಕೂತರೆ ಗಾಳಿಗೆ ತೆರೆದ ಚರ್ಮ ಕಡಿಮೆಯಾಗಿ ಬೆಚ್ಚಗಿರುತ್ತಾರೆ. ಒಬ್ಬರೇ ಇದ್ದರೆ? ಎಂದು ನಾನು ಕೇಳಿದೆ. ಅವರು ಲೆಕ್ಕದ ಪ್ರಶ್ನೆ ಎಂದುಕೊಂಡು ಉತ್ತರ ಕೊಟ್ಟರು. ಒಬ್ಬರೇ ಇದ್ದರೆ ಪೂರ್ತಿ ಚರ್ಮ ಗಾಳಿಗೆ ತೆರೆದಿರುತ್ತದೆ ಎಂದರು.

ಅಕ್ಕಾತಾಯಿಗೆ ಮದುವೆಯಾಗಿ ಏಳು ವರ್ಷವಾದರೂ ಮಕ್ಕಳಿರಲಿಲ್ಲ. ಚಂದವ್ವ ಮಗನಿಗೆ ಇನ್ನೊಂದು ಹೆಣ್ಣು ನೋಡಿಟ್ಟಿದ್ದಳು. ಚಾತುರ್ಮಾಸದಲ್ಲಿ ಮದುವೆ ಇಲ್ಲವೆಂದು ತಡೆದಿದ್ದಳು ಅಷ್ಟೆ. ಕಾರ್ತಿಕ ಕಳೆದರೆ ಅಕ್ಷತೆ. ಭೂಪಾಲ ಒಳ್ಳೆಯವನೇ, ಆದರೆ ತಾಯಿಯ ಮುಂದೆ ಅವನದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ನಾನೇ ಒಂದು ದಿನ ಚಂದವ್ವನಿಗೆ, ಡಾಕ್ಟರ್‌ಬಾಯಿಯ ಯಂತ್ರಕ್ಕೆ ಸೊಸೆಯನ್ನು ಒಮ್ಮೆ ತೋರಿಸಿ, ಮೈಯಲ್ಲಿ ಏನಾದರೂ ಕೊರತೆಯಿದ್ದರೆ ಮದ್ದು ಸಿಗಬಹುದು ಎಂದೆ. ಖರ್ಚಿಲ್ಲದ ಪರೀಕ್ಷೆ, ಅವಳು ಬೇಡ ಎನ್ನಲಿಲ್ಲ.

ಬೆಳಗಿನ ಮಬ್ಬಿನಲ್ಲಿ ಅಕ್ಕಾತಾಯಿ ಬಂದು ಮಲಗಿದಳು. ಉಸಿರು ಅಳೆದು, ಎತ್ತರ ತೂಕದಿಂದ ಚರ್ಮದ ಅಗಲ ತೆಗೆದು ಭಾಗಿಸಿದಾಗ ಒಲೆ ಬಹಳ ಮಂದವಾಗಿತ್ತು. ಡಾಕ್ಟರ್‌ಬಾಯಿ ಮತ್ತೊಮ್ಮೆ ಅಳೆದರು. ಅದೇ ಬಂತು. ನಾನು ಅನುಮಾನದಿಂದ ನೋಡಿದಾಗ, "ಆಕಡಾ ಖೋಟಂ ಬೋಲತ ನಾಹೀ" ಎಂದರು. ಅಂಕಿ ಸುಳ್ಳು ಹೇಳುವುದಿಲ್ಲ. ಗ್ರಂಥಿ ಸೋಮಾರಿಯಾಗಿದೆ, ಅದಕ್ಕೇ ಕೂಸು ನಿಂತಿಲ್ಲ, ಮುಂಬಯಿಯಿಂದ ಗುಳಿಗೆ ತರಿಸುತ್ತೇನೆ, ಒಂದು ವರ್ಷ ತೆಗೆದುಕೊಂಡು ನೋಡಲಿ ಎಂದು ಅತ್ತೆಗೆ ಹೇಳಿದರು. ಚಂದವ್ವ ಬಹಳ ಹೊತ್ತು ಅಡಿಕೆ ಕತ್ತರಿಸುತ್ತ ಕೂತಳು. ಕೊನೆಗೆ, ಏಳು ವರ್ಷ ಕಾದವಳಿಗೆ ಇನ್ನೊಂದು ಭಾರವಲ್ಲ ಎಂದು, ಹೆಣ್ಣಿನ ಮನೆಯವರಿಗೆ ಬೇಡವೆಂದು ಹೇಳಿಕಳಿಸಿದಳು. ಆ ಸಂಜೆ ಅಕ್ಕಾತಾಯಿ ನನ್ನ ತಾಟಿಗೆ ಕೇಳದೆಯೇ ತುಪ್ಪ ಹಾಕಿದಳು.

ಗುಳಿಗೆಯ ಬಾಟಲಿ ಬರಲು ಹದಿನೈದು ದಿನ ಹಿಡಿಯಿತು. ಅದನ್ನು ಹಿಡಿದು ನಾನು ಮನೆಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ಎಲ್ಲರ ಊಟ ಮುಗಿದಿತ್ತು. ಎಲ್ಲರದೂ ಆದ ಮೇಲೆ ಸೊಸೆ ಒಬ್ಬಳೇ ಉಣ್ಣುವುದು ಮನೆಯ ಪದ್ಧತಿ, ಅವಳು ಉಂಡಳೋ ಬಿಟ್ಟಳೋ ನೋಡುವವರಿಲ್ಲ. ಹಿತ್ತಲಲ್ಲಿ ಅಕ್ಕಾತಾಯಿ ತನ್ನ ಪಾಲಿನ ರೊಟ್ಟಿಯನ್ನು ಎಮ್ಮೆಗೆ ತಿನ್ನಿಸುತ್ತಿದ್ದಳು. ನಾನು ಹೆಸರು ಹಿಡಿದು ಕೂಗಿದ್ದಕ್ಕೆ ಅವಳ ಮುಖ ಬಿಳಿಚಿತು.

"ಅತ್ತಿಗಿ ಹೇಳಬ್ಯಾಡ್ರಿ ನೀಲಕ್ಕಾರ," ಎಂದಳು. "ಪದ್ಮಾವತಿ ದೇವಿ ಮುಂದ ಮನಸಿನಾಗ ತಗೊಂಡ ವ್ರತ ಐತ್ರಿ. ಒಂದಿನ ಬಿಟ್ಟು ಒಂದಿನ ಉಪವಾಸ, ಕಾರ್ತಿಕದ ತನಕ. ಊಟ ಬಿಟ್ಟಾಕಿಗಿ ಕೂಸು ಹ್ಯಾಂಗ ನಿಂದರತೈತಿ ಅಂತ ಅತ್ತಿ ಬೈತಾಳ್ರಿ. ಬಾಯಿಬಿಟ್ಟು ಹೇಳಿದ್ರ ಫಲಾನೂ ಹೋಗತೈತಿ."

ಆಷಾಢದಿಂದ ನಡೆದಿತ್ತು ಅದು. ಹಿಂದಿನ ಸಂಜೆಯಿಂದ ತಿಂದಿಲ್ಲವಲ್ಲ ಎಂದು ಡಾಕ್ಟರ್‌ಬಾಯಿ ಎಲ್ಲರನ್ನೂ ಕೇಳುತ್ತಿದ್ದರು, ಅದಕ್ಕೂ ಹಿಂದಿನ ದಿನ ತಿಂದಿದ್ದೀಯಾ ಎಂದು ಯಾರನ್ನೂ ಕೇಳಿರಲಿಲ್ಲ. ವಾರಗಟ್ಟಲೆ ಅರೆಹೊಟ್ಟೆಯಲ್ಲಿರುವ ಮೈ ತನ್ನ ಒಲೆಯನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಯಂತ್ರ ಅಳೆದದ್ದು ಗ್ರಂಥಿಯನ್ನಲ್ಲ, ಹಸಿವನ್ನು. ಅವಳಲ್ಲಿ ರೋಗವೇ ಇರಲಿಲ್ಲ. ನನ್ನ ಕೈಯಲ್ಲಿದ್ದ ಬಾಟಲಿಯನ್ನು ನೋಡಿದೆ. ಆ ಗುಳಿಗೆ ಕುರಿಯ ಕುತ್ತಿಗೆಯ ಗ್ರಂಥಿ ಒಣಗಿಸಿ ಮಾಡಿದ್ದು. ಬೇಡದ ಮೈಗೆ ಕೊಟ್ಟರೆ ಎದೆಬಡಿತ ಹೆಚ್ಚಿಸುವಂಥದ್ದು. ಗಡ್ಡೆ ಗೆಣಸನ್ನು ಸಹ ಮುಟ್ಟದವಳ ಬಾಯಿಗೆ ಅದನ್ನು ಹಾಕಲು ನನ್ನಿಂದಾಗಲಿಲ್ಲ. ಎರಡನ್ನೂ ಅವಳಿಗೆ ಹೇಳಿದೆ. ಗುಳಿಗೆ ಯಾವುದರದ್ದು ಎಂಬುದನ್ನು, ರೋಗವಿಲ್ಲ ಎಂಬುದನ್ನು.

ರೋಗವಿಲ್ಲ ಎಂದರೆ ಯಾರಾದರೂ ಸಂತೋಷಪಡುತ್ತಾರೆ. ಅಕ್ಕಾತಾಯಿ ಎಮ್ಮೆಯ ಗೂಟದ ಪಕ್ಕ ಕುಸಿದು ಕೂತಳು. ರೋಗವಿದ್ದರೆ ಮದ್ದು, ಮದ್ದಿದ್ದರೆ ವರ್ಷ. ರೋಗವೇ ಇಲ್ಲವೆಂದರೆ ಕಾಯುವುದಕ್ಕೆ ಏನಿದೆ? ಕಾರ್ತಿಕ ಕಳೆದ ಕೂಡಲೇ ಸವತಿ. ನಾನೂ ಅವಳ ಪಕ್ಕ ಕೂತೆ. ಮಗ್ಗ ನಿಂತಿತ್ತು, ಮಳೆಯೂ ನಿಂತಿತ್ತು. ಆಮೇಲೆ ಅವಳು ಬಾಟಲಿಯನ್ನು ನನ್ನ ಮಡಿಲಿಗೆ ತಿರುಗಿ ಇಟ್ಟಳು.

"ಗುಳಿಗಿ ಬ್ಯಾಡ್ರಿ," ಎಂದಳು. "ಆದ್ರ ಆ ವರ್ಷ ಬೇಕ್ರಿ ನನಗ."

ಮರುದಿನ ಎಲ್ಲವನ್ನೂ ಡಾಕ್ಟರ್‌ಬಾಯಿಗೆ ಹೇಳಿದೆ. ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಸಿಟ್ಟಾಗಲಿಲ್ಲ. ತಮ್ಮ ಕೋಷ್ಟಕದಲ್ಲಿದ್ದ ಅಕ್ಕಾತಾಯಿಯ ಅಂಕಿಯನ್ನು ಹೊಡೆದುಹಾಕಿ, ಕಿಟಕಿಯ ಬಳಿ ಹೋಗಿ ನಿಂತರು. ತಮಗೂ ಒಬ್ಬ ಗಂಡ ಇದ್ದ, ಈಗ ಅವನ ಮನೆಯಲ್ಲಿ ನಾಲ್ಕು ಮಕ್ಕಳಿವೆ ಎಂದರು ಮುಖ ತಿರುಗಿಸದೆ. ಅದಕ್ಕಿಂತ ಹೆಚ್ಚು ಅವರು ಅವತ್ತೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ.

ಸಂಜೆ ಕೊಡೆ ಹಿಡಿದು ತಾವೇ ಚಂದವ್ವನ ಮನೆಗೆ ಬಂದರು. ಬೇರೊಂದು ಬಾಟಲಿ ತಂದಿದ್ದರು, ಬರೀ ಕ್ಯಾಲ್ಸಿಯಂ. ಅವರು ಮರಾಠಿಯಲ್ಲಿ ಹೇಳುತ್ತ ಹೋದರು, ನಾನು ಕನ್ನಡ ಮಾಡುತ್ತ ಹೋದೆ. ಇದನ್ನು ಒಂದು ವರ್ಷ ಕೊಡಬೇಕು, ನಡುವೆ ತಪ್ಪಿಸಬಾರದು, ಕಾರ್ತಿಕ ಕಳೆದ ಮೇಲೆ ದಿನವೂ ಮುಂಜಾನೆ ಹಾಲು ಕೊಡಬೇಕು. ಅವರು ಅಲ್ಲಿಗೆ ನಿಲ್ಲಿಸಿದರು. ನಾನು ನಿಲ್ಲಿಸಲಿಲ್ಲ.

"ಮತ್ತ ಈಕಿ ಮನಸಿಗಿ ಯಾರೂ ನೋವು ಮಾಡಬಾರದಂತ್ರಿ. ಬಿರುಸು ಮಾತು ಆಡಿದ್ರ ಗುಳಿಗಿ ಹತ್ತೂದಿಲ್ಲಂತ," ಎಂದು ಸೇರಿಸಿದೆ.

ಚಂದವ್ವ ಗಂಭೀರವಾಗಿ ತಲೆಯಾಡಿಸಿದಳು. ಡಾಕ್ಟರ್‌ಬಾಯಿಗೆ ಕನ್ನಡ ಬಾರದಿದ್ದರೂ ನನ್ನ ಮಾತು ಉದ್ದವಾದದ್ದು ತಿಳಿಯಿತು. ದಾರಿಯಲ್ಲಿ ಏನು ಸೇರಿಸಿದೆ ಎಂದು ಕೇಳಿದರು. ಹೇಳಿದೆ. ನಕ್ಕರು, ಅದು ಎರಡನೆಯ ಸಲ. ಅಂಕಿ ಸುಳ್ಳು ಹೇಳುವುದಿಲ್ಲ ಎಂದಿದ್ದಿರಲ್ಲ ಬಾಯಿ ಎಂದು ನಾನು ಕೆಣಕಿದೆ. ನಾನು ಅಂಕಿ ಎಲ್ಲಿ ಹೇಳಿದೆ ಎಂದರು. ಒಂದು ವರ್ಷ ಎಂಬುದರಲ್ಲಿ ಒಂದು ಅಂಕಿ ಇದೆ ಎಂದು ನಾನು ತೋರಿಸಲು ಹೋಗಲಿಲ್ಲ.

ಅಂದಿನಿಂದ ಅಕ್ಕಾತಾಯಿ ಉಣ್ಣುವ ದಿನಗಳಲ್ಲಿ ನಾನು ನನ್ನ ತಾಟನ್ನು ತಡವಾಗಿ ತರಿಸಿಕೊಂಡೆ. ಅವಳು ಹೊಸ್ತಿಲ ಒಳಗೆ, ನಾನು ಹೊರಗೆ, ಹೊತ್ತು ಮುಳುಗುವುದರೊಳಗೆ ಗಡಿಬಿಡಿಯಿಂದ ಉಣ್ಣುತ್ತಿದ್ದೆವು. ಮಾತು ಹೆಚ್ಚೇನೂ ಇರಲಿಲ್ಲ. ಇನ್ನೊಂದು ರೊಟ್ಟಿ ಹಾಕಿಕೊ ಎಂದು ನಾನು, ಸಾಕ್ರಿ ಎಂದು ಅವಳು. ಉಪವಾಸದ ದಿನ ನಾನು ಒಬ್ಬಳೇ ಉಣ್ಣುವಾಗ ಅವಳು ಎದುರಿಗೆ ಬಂದು ಕೂರುತ್ತಿದ್ದಳು. ಆ ಮಳೆಗಾಲದಲ್ಲಿ ನನ್ನದೆನ್ನುವ ಸುಖ ಅಷ್ಟೇ, ಆದರೆ ಅಷ್ಟು ಸುಖ ನನಗೆ ಮೊದಲೂ ಸಿಕ್ಕಿರಲಿಲ್ಲ, ಆಮೇಲೂ ಸಿಗಲಿಲ್ಲ. ದೀಪಾವಳಿಯ ಹೊತ್ತಿಗೆ ಕೆಲಸ ಮುಗಿಯಿತು. ಯಂತ್ರವನ್ನು ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದೆವು. ಡಾಕ್ಟರ್‌ಬಾಯಿ ಪುಣೆಗೆ ಹೋದರು, ಅವರನ್ನು ನಾನು ಮತ್ತೆ ನೋಡಲಿಲ್ಲ. ಅಕ್ಕಾತಾಯಿ ಮೋಟಾರಿನ ತನಕ ಬಂದು, ಬುತ್ತಿಯ ಗಂಟು ಕೈಗೆ ಕೊಟ್ಟು, ನನ್ನ ಮುಖ ನೋಡದೆ ತಿರುಗಿ ನಡೆದಳು.

ಮೂರು ವರ್ಷದ ಮೇಲೆ ನನ್ನನ್ನು ಗಡಹಿಂಗ್ಲಜದ ದವಾಖಾನೆಗೆ ಹಾಕಿದ್ದರು. ಕಬ್ಬಿನ ಗಾಣ ನಡೆಯುವ ಕಾಲ, ಆಜರಾದ ಗುಡ್ಡದ ಕಡೆಯಿಂದ ಕೊರೆಯುವ ಗಾಳಿ ಬರುತ್ತಿತ್ತು. ಒಂದು ಮುಂಜಾನೆ ಬಂಡಿಯಲ್ಲಿ ಹೆರಿಗೆ ನೋವು ಬಂದ ಒಬ್ಬ ಚೊಚ್ಚಲ ಬಸುರಿಯನ್ನು ಕರೆತಂದರು. ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತವಳು ಅಕ್ಕಾತಾಯಿ. ಮಲಗಿದ್ದವಳು ಅವಳ ಸವತಿ. ತವರು ಗಡಹಿಂಗ್ಲಜದಲ್ಲೇ ಇದ್ದರೂ ಅಲ್ಲಿ ತಾಯಿ ಇರಲಿಲ್ಲ, ಬಾಣಂತನಕ್ಕೆ ಅಕ್ಕಾತಾಯಿಯೇ ಜೊತೆಗೆ ಬಂದಿದ್ದಳು.

ಕೂಸು ಬಹಳ ಸಣ್ಣದಾಗಿ ಹುಟ್ಟಿತು. ಮುಟ್ಟಿದರೆ ತಣ್ಣಗೆ. ಹೆತ್ತವಳಿಗೆ ಎಚ್ಚರವಿರಲಿಲ್ಲ. ಡಾಕ್ಟರ್‌ಬಾಯಿ ಹೇಳಿದ್ದು ನೆನಪಾಗಿ, ರವಿಕೆ ಬಿಚ್ಚಿ ಬರೀ ಎದೆಗೆ ಅವಚಿಕೊ ಎಂದು ಕೂಸನ್ನು ಅಕ್ಕಾತಾಯಿಗೆ ಕೊಟ್ಟೆ. ಅವಳು ಸೆರಗು ಹೊದ್ದು ಕೂತಳು. ಮಧ್ಯಾಹ್ನದ ಹೊತ್ತಿಗೆ ಕೂಸಿನ ಅಂಗಾಲು ಕೆಂಪಾದವು. ಆಗ ನಾನು ಎಷ್ಟೋ ದಿನದಿಂದ ಒಳಗಿದ್ದದ್ದನ್ನು ಕೇಳಿದೆ. ಆ ವರ್ಷದಿಂದ ಏನಾಯಿತು ಅಕ್ಕಾತಾಯಿ, ಕೊನೆಗೂ ಸವತಿ ಬಂದಳಲ್ಲ ಎಂದೆ.

"ಬರೂದು ಗೊತ್ತಿತ್ರಿ," ಎಂದಳು ಕೂಸಿನಿಂದ ಕಣ್ಣು ತೆಗೆಯದೆ. "ಆ ವರ್ಷದಾಗ ಯಾರೂ ನನಗ ಒಂದು ಬಿರುಸು ಮಾತು ಆಡಲಿಲ್ರಿ. ದಿನಾ ಮುಂಜಾನೆ ಅತ್ತಿ ಹಾಲು ಕಾಸಿ ಕೊಟ್ಟು, ಕುಡದೀ ಏನವಾ ಅಂತ ಕೇಳತಿದ್ಲು. ನಮ್ಮವ್ವ ಸತ್ತ ಮ್ಯಾಲ ಹಂಗ ಯಾರೂ ಕೇಳಿದ್ದಿಲ್ರಿ. ಭಾಳ ಆತ್ರಿ ಅಷ್ಟ."

ಬಿಸಿನೀರು ತರುವ ನೆಪದಲ್ಲಿ ಹೊರಗೆ ಹೋಗಿ ಅತ್ತುಬಿಟ್ಟೆ. ಸವತಿಗೆ ಎಚ್ಚರವಾಗಿ, ಮೂವರೂ ಬಂಡಿ ಹತ್ತಿ ಹೋದ ಮೇಲೆ ಅವರ ಸುದ್ದಿ ನನಗೆ ಗೊತ್ತಿಲ್ಲ. ಮುಂದೆ ಊರಿಂದೂರಿಗೆ ಬದಲಿಯಾಗುತ್ತ ಹೋದೆ. ಎಷ್ಟೋ ಕೂಸುಗಳನ್ನು ಎಷ್ಟೋ ಎದೆಗಳಿಗೆ ಕೊಟ್ಟೆ, ನನ್ನ ಕೈ ಖಾಲಿಯೇ ಉಳಿಯಿತು.

ಇವತ್ತು ಮತ್ತೆ ದವಾಖಾನೆಗೆ ಹೋದೆ. ಈ ಇಂಜೆಕ್ಷನ್ನಿನಿಂದ ಏನು ಸಿಗುತ್ತದೆ ಎಂದು ಡಾಕ್ಟರನನ್ನು ಕೇಳಿದೆ. ಒಳ್ಳೆಯವನು, ಮುಚ್ಚಿಡಲಿಲ್ಲ. ಒಂದು ವರ್ಷ ಸಿಗಬಹುದು, ಹೆಚ್ಚಿನದು ದೇವರಿಗೆ ಗೊತ್ತು ಎಂದ. ಮನೆಯಲ್ಲಿ ಯಾರಿದ್ದಾರೆ, ಊಟಕ್ಕೆ ಯಾರು ನೋಡುತ್ತಾರೆ ಎಂದ. ಯಾರೂ ಇಲ್ಲ ಎಂದೆ. ಅವನು, ಮತ್ತೆ ಏನು ಮಾಡೋಣ ಆಜಿ ಎಂದು ಮರಾಠಿಯಲ್ಲಿ ಕೇಳಿದ.

"ವರ್ಷ ಬೇಕ್ರಿ ನನಗ," ಎಂದೆ.

ಅವನಿಗೆ ಕನ್ನಡ ಬರುವುದಿಲ್ಲ. ಪಕ್ಕದಲ್ಲಿದ್ದ ನರ್ಸಿನ ಮುಖ ನೋಡಿದ, ಅವಳಿಗೂ ಬರುವುದಿಲ್ಲ. ಇಬ್ಬರೂ ಕಾಯುತ್ತ ನಿಂತರು. ಐವತ್ತು ವರ್ಷ ವಾರ್ಡಿನಲ್ಲಿ ಮರಾಠಿ ಆಡಿದವಳಿಗೆ ಆ ನಾಲ್ಕು ಮಾತು ಮರಾಠಿಯಲ್ಲಿ ಹೇಳಲು ಬಾರದೇ? ಆದರೂ ನನ್ನ ಪರವಾಗಿ ಇನ್ನೊಬ್ಬರು ಹೇಳಲಿ, ಹೇಳಿದ್ದಕ್ಕಿಂತ ಒಂದು ಮಾತು ಹೆಚ್ಚಾಗಿಯೇ ಹೇಳಲಿ ಎಂದು ನಾನೂ ಕಾದೆ. ಯಾರೂ ಹೇಳಲಿಲ್ಲ. ಆಮೇಲೆ ಸೆರಗು ಸರಿಸಿ ತೋಳು ಮುಂದೆ ಚಾಚಿದೆ.